ಮಂಜಿನಲ್ಲಿ ಮುಂದಿನ ಗಾಡಿಯ ಬಾಲ ಹಿಡಿದು

ಮಂಜು ನೋಡಲೆಂದೇ ನಮ್ಮ ಕಡೆ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೊಟ್ಟಿಗೆಹಾರದ ಆಚೀಚೆ ರಸ್ತೆಯ ನಡುವೆಯೇ ಕಾರು ನಿಲ್ಲಿಸಿ, ಬಾಗಿಲು ಹಾರುಹೊಡೆದು, ಕೈ ಅಗಲಿಸಿಕೊಂಡು ಫೋಟೋಕ್ಕೆ ನಿಲ್ಲುತ್ತಾರೆ. ಹಿಂದಿನಿಂದ ಬರುವವರಿಗೆ ತಾವು ಕಾಣುತ್ತೇವೋ ಇಲ್ಲವೋ ಎಂಬ ಪರಿವೆಯೇ ಇರುವುದಿಲ್ಲ. ಹಾರ್ನ್ ಹೊಡೆದರೆ, ಇಷ್ಟು ಚಂದದ ಕ್ಲೈಮೇಟಿನಲ್ಲಿ ನಿಮಗೇನು ಆಂಟಿ ಅಷ್ಟು ಅರ್ಜೆಂಟು ಎಂದು ನಗುತ್ತಾರೆ. ಅವರಿಗೆ ಹೇಳಿ ಪ್ರಯೋಜನವಿಲ್ಲ. ಕಿಟಕಿ ಏರಿಸಿಕೊಂಡು ಮುಂದೆ ಹೋಗುತ್ತೇನೆ.

ನಮ್ಮ ಅರ್ಜೆಂಟು ಏನೆಂದರೆ, ನಮ್ಮವರ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಮನೆ ಇರುವುದು ಕಳಸದಿಂದ ಸ್ವಲ್ಪ ಆಚೆ, ಹೊರನಾಡಿನ ದಾರಿಯಲ್ಲಿ. ಆಸ್ಪತ್ರೆ ಇರುವುದು ಚಿಕ್ಕಮಗಳೂರಿನಲ್ಲಿ. ಸರಿಯಾಗಿ ಬೆಳಕು ಹರಿಯುವ ಮೊದಲೇ ಹೊರಟು, ಬಾಳೂರು, ಕೊಟ್ಟಿಗೆಹಾರ, ಮೂಡಿಗೆರೆ ದಾಟಿ, ಅವರು ಹೇಳಿದ ಹೊತ್ತಿಗೆ ಮಂಚದ ಪಕ್ಕ ನಿಂತಿರಬೇಕು. ತಡವಾದರೆ ಅಲ್ಲೇ ಕಾದು ಕೂತ ಇನ್ನೊಬ್ಬರನ್ನು ಆ ಮಂಚದ ಮೇಲೆ ಮಲಗಿಸುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಅವರದ್ದೂ ಜೀವವೇ. ಆದರೆ ನಮಗೆ ಮಾತ್ರ ಮತ್ತೆ ಜಾಗ ಸಿಗುವುದು ಯಾವಾಗ ಎಂದು ಯಾರೂ ಹೇಳುವುದಿಲ್ಲ.

ಹತ್ತಿರದ ಊರಿನಲ್ಲೂ ಯಂತ್ರ ಇದೆ, ಅಲ್ಲಿ ಯಾಕೆ ಮಾಡಿಸಬಾರದು ಎಂದು ನೆಂಟರು ಬಂದಾಗಲೆಲ್ಲ ಕೇಳುತ್ತಾರೆ. ಅಲ್ಲಿಯೂ ಹೆಸರು ಬರೆಸಿದ್ದೇವೆ. ಜಾಗ ಖಾಲಿಯಾದರೆ ತಿಳಿಸುತ್ತೇವೆ ಎಂದಿದ್ದಾರೆ. ಡಯಾಲಿಸಿಸ್ ಮಂಚ ಖಾಲಿಯಾಗುವುದು ಎಂದರೆ ಏನರ್ಥ ಎನ್ನುವುದು ಹೆಸರು ಬರೆಸಿದ ದಿನ ನಮಗೆ ಹೊಳೆಯಲಿಲ್ಲ. ಹೊಳೆದ ಮೇಲೆ ಫೋನ್ ಮಾಡಿ ವಿಚಾರಿಸುವುದನ್ನು ಬಿಟ್ಟೆವು.

ಗಾಡಿ ಓಡಿಸುವವಳು ನಾನೇ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವಳು. ನಮ್ಮವರು ಜೀಪ್ ಡ್ರೈವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಶಾಲೆಗೆ ಹೋಗುತ್ತಿದ್ದುದೇ ಅವರ ಬಾಡಿಗೆ ಜೀಪಿನಲ್ಲಿ, ತೋಟದ ಹೆಂಗಸರ ನಡುವೆ ಇರುಕಿಕೊಂಡು. ಮದುವೆಯಾದ ಮೇಲೆ ಒಂದು ಬಾಡಿಗೆ ಕಡಿಮೆಯಾಯಿತು ಎಂದು ಈಗಲೂ ರೇಗಿಸುತ್ತಾರೆ. ಕಾಯಿಲೆ ಬಂದು, ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎಡಗೈಗೆ ಆಪರೇಷನ್ ಆದ ಮೇಲೆ ಸ್ಟೇರಿಂಗ್ ಮುಟ್ಟಬಾರದು ಎಂದರು ಡಾಕ್ಟರು. ಆಗ ನಾನು ಡ್ರೈವಿಂಗ್ ಕಲಿತೆ. ಕಲಿಸಿದವರು ಇವರೇ. ಶಾಲೆಯಲ್ಲಿ ನಾನು ಮಕ್ಕಳಿಗೆ ಬೈದದ್ದನ್ನೆಲ್ಲ ಬಡ್ಡಿ ಸಮೇತ ವಾಪಸು ತಿಂದೆ. ಮಗಳು ಮದುವೆಯಾಗಿ ಸಕಲೇಶಪುರದಲ್ಲಿದ್ದಾಳೆ. ರಜೆ ಸಿಕ್ಕಾಗ ಬಂದು ನನ್ನನ್ನು ಮನೆಯಲ್ಲಿ ಮಲಗಲು ಬಿಟ್ಟು ತಾನು ಅಪ್ಪನನ್ನು ಕರೆದುಕೊಂಡು ಹೋಗುತ್ತಾಳೆ. ಆ ದಿನ ನನಗೆ ನಿದ್ದೆಯೂ ಬರುವುದಿಲ್ಲ, ಏಳಲೂ ಆಗುವುದಿಲ್ಲ.

ಸುಸ್ತು ಎನ್ನುವುದಕ್ಕೆ ಒಂದು ಮಿತಿ ಇರುತ್ತದೆ, ಅದರಾಚೆ ಎಲ್ಲ ಅಭ್ಯಾಸವಾಗುತ್ತದೆ ಎಂದು ಯಾರೋ ಸಮಾಧಾನ ಹೇಳಿದ್ದರು. ಸುಳ್ಳು. ಅಭ್ಯಾಸವಾಗುವುದು ರಸ್ತೆ ಮಾತ್ರ.

ಆ ರಸ್ತೆಯಲ್ಲೇ ನಾನು ಮಂಜನ್ನು ನಿಜವಾಗಿ ನೋಡಿದ್ದು. ಗಾಳಿಯೊಳಗೆ ಕಣ್ಣಿಗೆ ಕಾಣದ ನೀರು ಇರುತ್ತದೆ. ಗಾಳಿ ಬೆಚ್ಚಗಿರುವಷ್ಟು ಹೊತ್ತು ಅದನ್ನು ಹೊತ್ತುಕೊಂಡು ತಿರುಗುತ್ತದೆ. ತಣ್ಣಗಿನ ನೆಲದ ಮೇಲೆ ಹಾದುಹೋಗುವಾಗ ತಾನೂ ತಣ್ಣಗಾಗಿ, ಅಷ್ಟನ್ನು ಹೊರಲಾರದೆ, ಸಣ್ಣಸಣ್ಣ ಹನಿಯಾಗಿ ಬಿಟ್ಟುಕೊಡುತ್ತದೆ. ಅದೇ ಮಂಜು. ಇಷ್ಟನ್ನು ನಾನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹಾಕಿ ಎಷ್ಟೋ ವರ್ಷ ಹೇಳಿಕೊಟ್ಟಿದ್ದೇನೆ. ಆದರೆ ಬೋರ್ಡಿನ ಮೇಲೆ ನೆಲ ಎಂದರೆ ಒಂದು ಗೀಟು, ಅಷ್ಟೇ. ಕಳಸದಿಂದ ಹೊರಟರೆ ನೆಲ ಮಾರಿಗೊಂದು ಬಗೆ.

ಮೊದಲು ಸಿಗುವುದು ಗದ್ದೆ ಬಯಲು. ಮೇಲೆ ಮರವಿಲ್ಲ, ಮರೆಯಿಲ್ಲ. ರಾತ್ರಿ ಮೋಡವಿಲ್ಲದೆ ಆಕಾಶ ತೆರೆದಿದ್ದರೆ ಆ ನೆಲದ ಬಿಸಿಯೆಲ್ಲ ಮೇಲೆ ಹೋಗಿ, ಗುಡ್ಡದಿಂದ ತಣ್ಣನೆ ಗಾಳಿ ಇಳಿದು ಬಂದು, ಬೆಳಗ್ಗೆ ಗದ್ದೆ ಪೂರ್ತಿ ಹಾಲು ಚೆಲ್ಲಿದ ಹಾಗೆ. ಅದೇ ರಸ್ತೆ ಕಾಫಿ ತೋಟದ ನಡುವೆ ಹೊಕ್ಕಿತೋ, ಮಂಜು ಚಾಕುವಿನಲ್ಲಿ ಕೊಯ್ದಂತೆ ನಿಲ್ಲುತ್ತದೆ. ಸಿಲ್ವರ್ ಓಕ್, ಹಲಸು, ಬಸರಿ ಮರಗಳೆಲ್ಲ ಮೇಲೆ ಹೊದಿಕೆ ಹಾಕಿರುವುದರಿಂದ ಒಳಗಿನ ನೆಲ ಅಷ್ಟು ಬೇಗ ತಣಿಯುವುದಿಲ್ಲ. ಮರದ ತಲೆಯ ಮೇಲೆ ಮಂಜು ಇದ್ದರೂ ಎಲೆಯಿಂದ ತಟತಟ ಹನಿ ಉದುರುತ್ತದೆ, ಕೆಳಗೆ ದಾರಿ ಕಾಣುತ್ತದೆ. ಮುಂದೆ ಒಂದು ಕೆರೆ. ಅಲ್ಲಿ ಎಲ್ಲ ತಿರುಗುಮುರುಗು. ಚಳಿಗಾಲದ ಬೆಳಗ್ಗೆ ನೀರೇ ಗಾಳಿಗಿಂತ ಬೆಚ್ಚಗಿರುತ್ತದೆ, ತಣ್ಣನೆ ಗಾಳಿ ಅದರ ಮೇಲೆ ಹಾದಾಗ ಹಂಡೆಯ ನೀರಿನ ಹಾಗೆ ಹಬೆ ಏಳುತ್ತದೆ. ಆ ಹಬೆ ಕೆರೆ ಏರಿ ದಾಟಿ ರಸ್ತೆಗೆ ಬಂದು ಸ್ವಲ್ಪ ದೂರದಲ್ಲಿ ಇಲ್ಲವಾಗುತ್ತದೆ. ಕೊಟ್ಟಿಗೆಹಾರ ಮಾತ್ರ ಬೇರೆಯದೇ ಕತೆ. ಕೆಳಗಿನ ಸೀಮೆಯ ಬೆಚ್ಚನೆ ಗಾಳಿ ಘಟ್ಟ ಹತ್ತಿ ಬರುತ್ತಾ ಬರುತ್ತಾ ತಣ್ಣಗಾಗಿ, ಹುಲ್ಲುಗುಡ್ಡ ಮುಟ್ಟುವಷ್ಟರಲ್ಲಿ ಗೋಡೆಯಾಗಿ ಎದ್ದು ನಿಂತಿರುತ್ತದೆ.

ಈ ವಿಷಯದಲ್ಲಿ ನಮ್ಮಿಬ್ಬರಿಗೂ ದಿನಾ ಜಟಾಪಟಿ. ಗದ್ದೆಯಲ್ಲಿ ಮಂಜು ಕೂತಿದೆ ಎನ್ನುತ್ತಾರೆ ಅವರು. ಅವರಿಗೆ ಮಂಜು ಎಂದರೆ ದನ ಇದ್ದ ಹಾಗೆ, ಎಲ್ಲೆಲ್ಲಿ ಮಲಗುತ್ತದೆಂದು ಗೊತ್ತು. ಕೂತಿಲ್ಲ, ಗಾಳಿ ಹೋಗುತ್ತಲೇ ಇದೆ, ಆ ಜಾಗದಲ್ಲಿ ಮಂಜು ಆಗುತ್ತಾ ಇದೆ, ದಾಟಿದ ಮೇಲೆ ಕರಗುತ್ತಾ ಇದೆ ಎನ್ನುತ್ತೇನೆ ನಾನು. ಟೀಚರಮ್ಮ, ಆಗ್ತಾ ಇರ್ಲಿ, ಕೂತಿರ್ಲಿ, ನೀನು ಸೆಕೆಂಡ್ ಗೇರಿಗೆ ಇಳಿಸು ಎನ್ನುತ್ತಾರೆ. ಅಲ್ಲಿಗೆ ವಿಜ್ಞಾನ ಮುಗಿಯಿತು.

ನೀರಿನ ಲೆಕ್ಕ ಕೂಡ ನನ್ನದೇ. ಅವರು ಇಡೀ ದಿನಕ್ಕೆ ಕುಡಿಯಬಹುದಾದ ನೀರು ಒಂದು ಸಣ್ಣ ಸ್ಟೀಲ್ ಬಾಟಲಿಯಲ್ಲಿ ಹಿಡಿಯುತ್ತದೆ. ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಕಾಲಿಗೆ, ಮುಖಕ್ಕೆ, ಕೊನೆಗೆ ಎದೆಗೆ ತುಂಬಿಕೊಳ್ಳುತ್ತದೆ. ಒಮ್ಮೆ ಕೊಟ್ಟಿಗೆಹಾರದ ಹತ್ತಿರ ಕಿಟಕಿ ಇಳಿಸಿ ಮುಖವನ್ನು ಹೊರಗೆ ಚಾಚಿ ಕೂತರು. ಗಡ್ಡದ ಮೇಲೆಲ್ಲ ಹನಿ. ಇದೂ ಲೆಕ್ಕಕ್ಕೆ ಬರ್ತದಾ ಎಂದು ಕೇಳಿದರು. ನಗಬೇಕೋ ಅಳಬೇಕೋ ತಿಳಿಯದೆ, ಶೀತ ಆಗ್ತದೆ, ಕಿಟಕಿ ಹಾಕಿ ಎಂದು ಗದರಿದೆ. ಹೀಗೆ ಗದರುವುದೇ ಈಗ ನನ್ನ ಮಾತಿನ ಧಾಟಿಯಾಗಿಬಿಟ್ಟಿದೆ.

ನಮ್ಮ ಕಡೆ ಗಾಡಿ ಓಡಿಸುವವರಲ್ಲಿ ಒಂದು ಪದ್ಧತಿ ಇದೆ. ಮಂಜು ದಟ್ಟವಾದರೆ ಮುಂದೆ ಹೋಗುವ ಗಾಡಿಯ ಬಾಲ ಹಿಡಿಯುವುದು. ಹೆಡ್‌ಲೈಟ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ವಾಪಸು ಬರುತ್ತದೆ, ರಸ್ತೆ ಕಾಣುವುದಿಲ್ಲ. ಅದಕ್ಕೇ ದೀಪ ತಗ್ಗಿಸಿ, ಮುಂದಿನವನ ಹಿಂಬದಿಯ ಕೆಂಪು ದೀಪ ಒಂದನ್ನೇ ನೋಡಿಕೊಂಡು ಹೋಗಬೇಕು. ಮುಂದಿರುವವನು ಹಿಂದಿನವರಿಗಾಗಿ ದೀಪ ಮಿನುಗಿಸುತ್ತಾ, ಬ್ರೇಕನ್ನು ಮೆತ್ತಗೆ ಮುಟ್ಟಿ ತೋರಿಸುತ್ತಾ ಹೋಗಬೇಕು. ಯಾರೆಂದು ಗುರುತಿಲ್ಲದಿದ್ದರೂ ನಂಬುವುದು. ನಮ್ಮವರು ಎಷ್ಟೋ ವರ್ಷ ಆ ಸಾಲಿನ ಮೊದಲಿಗರಾಗಿದ್ದರು. ಅವರ ಜೀಪಿನ ಹಿಂದೆ ಬಸ್ಸು ಕೂಡ ಬರುತ್ತಿತ್ತು ಎಂದು ಹೇಳಿಕೊಳ್ಳುವಾಗ ಈಗಲೂ ಅವರ ಕುತ್ತಿಗೆ ನೆಟ್ಟಗಾಗುತ್ತದೆ.

ಅದೊಂದು ದಿನ, ಕಾಫಿ ಕೊಯ್ಲಿನ ಕಾಲ. ಹಿಂದಿನ ಸಂಜೆ ಅಕಾಲದ ಮಳೆಯೊಂದು ಹೊಯ್ದು, ಆಮೇಲೆ ಆಕಾಶ ಬಿಚ್ಚಿಕೊಂಡಿತ್ತು. ನೆಲವೆಲ್ಲ ಒದ್ದೆ, ಮೇಲಿಂದ ಚಳಿ. ಬೆಳಗ್ಗೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಆದರೆ ಅಂದು ಹೋಗಲೇಬೇಕಿತ್ತು. ಅದರ ಹಿಂದಿನ ಸಲ ಡಯಾಲಿಸಿಸ್ ನಡುವೆ ಬಿ.ಪಿ. ಇಳಿದು, ಕಾಲು ಸೆಟೆದುಕೊಂಡು, ಅರ್ಧಕ್ಕೇ ನಿಲ್ಲಿಸಿದ್ದರು. ಉಳಿದ ನೀರೆಲ್ಲ ಮೈಯಲ್ಲೇ ಇತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯಿಡೀ ಗೋಡೆಗೆ ಒರಗಿಯೇ ಕಳೆದಿದ್ದರು. ಚಪ್ಪಲಿಯೊಳಗೆ ಪಾದ ಹಿಡಿಯಲಿಲ್ಲ. ಇವತ್ತು ಮಂಚ ತಪ್ಪಿದರೆ ನಾಳೆ ಬೆಳಗ್ಗೆ ಇವರಿರುತ್ತಾರೋ ಇಲ್ಲವೋ ಎಂದು ಯೋಚಿಸುತ್ತಲೇ ನಾನು ಗಾಡಿಯ ಗಾಜು ಒರೆಸಿದ್ದು.

ಗದ್ದೆ ಬಯಲಿನಲ್ಲಿ ನಿರೀಕ್ಷೆಯಂತೆಯೇ ಮಂಜು. ದಾಟಿದೆ. ಕೆರೆ ದಾಟಿದೆ. ಬಾಳೂರು ದಾಟಿ ಹುಲ್ಲುಗುಡ್ಡದ ಬದಿಗೆ ಬಂದಾಗ ಬಾನೆಟ್ಟಿನ ತುದಿ ಕೂಡ ಕಾಣದಾಯಿತು. ಪಕ್ಕಕ್ಕೆ ತಿರುಗಿ ನೋಡಿದರೆ ಇವರು ತಲೆಯನ್ನು ಕಿಟಕಿಗೆ ಆನಿಸಿ ನಿದ್ದೆ ಹೋಗಿದ್ದಾರೆ. ಎಂದೂ ಹಾಗೆ ಮಾಡಿದವರಲ್ಲ. ನನ್ನ ಡ್ರೈವಿಂಗಿನಲ್ಲಿ ಅವರು ಕಣ್ಣು ಮಿಟುಕಿಸುವುದೂ ಕಡಿಮೆ. ಎಬ್ಬಿಸಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಮುಂದೆ ಎರಡು ಕೆಂಪು ದೀಪ ಕಂಡಿತು. ಜೀಪು. ಒಳಗಿಂದ ಹೆಂಗಸರ ಮಾತು, ನಗು ಕೇಳಿಸುತ್ತಿತ್ತು. ದೇವರು ದೊಡ್ಡವನು ಎಂದುಕೊಂಡು ಬಾಲ ಹಿಡಿದೆ. ನನ್ನ ಹಿಂದೆ ಹಾಲಿನ ವ್ಯಾನು, ಅದರ ಹಿಂದೆ ಇನ್ನೊಂದು ಕಾರು ಸೇರಿಕೊಂಡದ್ದು ಕನ್ನಡಿಯಲ್ಲಿ ಮಸುಕಾಗಿ ಕಂಡಿತು.

ಸ್ವಲ್ಪ ದೂರ ಹೋದ ಮೇಲೆ ಜೀಪು ಎಡಕ್ಕೆ ಹೊರಳಿತು, ನಾನೂ ಹೊರಳಿದೆ. ರಸ್ತೆಯಲ್ಲಿ ತಿರುವಿಗೇನು ಬರ. ಚಕ್ರದಡಿ ಗರಗರ ಸದ್ದು ಬಂತು. ಮಳೆಗೆ ಜಲ್ಲಿ ಕಿತ್ತು ಬಂದಿರಬೇಕು ಎಂದುಕೊಂಡೆ. ಆಮೇಲೆ ಮಂಜು ತೆಳ್ಳಗಾಯಿತು. ಮರದ ಬುಡಗಳು ಕಂಡವು, ಕಾಫಿ ಗಿಡಗಳು ಕಂಡವು, ಗಾಜಿನ ಮೇಲೆ ತಟತಟ ಹನಿ ಬಿತ್ತು. ಅಬ್ಬ, ಬಿಡಿಸಿಕೊಂಡೆವು, ಇನ್ನು ಹೊತ್ತಿಗೆ ಸರಿಯಾಗಿ ಮುಟ್ಟುತ್ತೇವೆ ಎಂದು ಎಷ್ಟು ಖುಷಿಯಾಯಿತೆಂದರೆ ಆಕ್ಸಿಲರೇಟರನ್ನು ಒಂದಿಷ್ಟು ಒತ್ತಿದೆ. ಮಂಜು ಬಿಟ್ಟಿತೆಂದೇ ನನ್ನ ಲೆಕ್ಕ. ಬಿಟ್ಟಿದ್ದು ಮಂಜಲ್ಲ, ನಾನು ರಸ್ತೆಯನ್ನೇ ಬಿಟ್ಟು ಮಂಜು ಆಗದ ಜಾಗಕ್ಕೆ ನುಗ್ಗಿದ್ದೆ. ಮರದಡಿ ಹಾಗೆ ಆಗುತ್ತದೆಂದು ಗೊತ್ತಿದ್ದವಳಿಗೇ ಆ ಹೊತ್ತಿನಲ್ಲಿ ಅದು ಹೊಳೆಯಲಿಲ್ಲ.

ಮರಗಳ ಸಾಲು ಮುಗಿದು ಮತ್ತೆ ಬೆಳ್ಳಗಾಯಿತು. ಜೀಪು ನಿಂತಿತು. ಹಿಂಬಾಗಿಲು ಬಿಚ್ಚಿ ತಲೆಗೆ ವಸ್ತ್ರ ಕಟ್ಟಿದ ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಹಿಡಿದು ಇಳಿದರು. ಎದುರಿಗೆ ಸಿಮೆಂಟಿನ ಕಣ. ಬಯಲಿಗೆ ತೆರೆದುಕೊಂಡು ರಾತ್ರಿಯಿಡೀ ತಣ್ಣಗಾಗಿದ್ದ ಆ ಸಿಮೆಂಟಿನ ಮೇಲೆ ಮೊಣಕಾಲೆತ್ತರಕ್ಕೆ ಮಂಜು. ಅದರ ನಡುವೆ ಟಾರ್ಪಾಲು ಹೊದಿಸಿದ ಪಾರ್ಚ್‌ಮೆಂಟ್ ರಾಶಿಗಳು, ತೊಳೆದು ಒಣಗಲು ಹಾಕಿದ ಕಾಫಿ ಬೀಜ. ನಾನು ಬಂದು ನಿಂತದ್ದು ಯಾರದೋ ಎಸ್ಟೇಟಿನೊಳಗೆ, ಕಾಫಿ ಒಣಗಿಸುವ ಜಾಗದಲ್ಲಿ.

ಕೆಲಸದವರ ಮೇಸ್ತ್ರಿ ನನ್ನ ಹತ್ತಿರ ಬಂದು, ಅಮ್ಮ, ನೀವು ಯಾರ ಕಡೆಯವರು ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಹಾಲಿನ ವ್ಯಾನು ಬಂತು, ಅದರ ಹಿಂದೆ ಕಾರೂ ಬಂತು. ಕಾರಿನಿಂದ ಕಪ್ಪು ಕನ್ನಡಕದ ಒಬ್ಬ ಹುಡುಗ ಇಳಿದು, ಹೋಂಸ್ಟೇ ಇದೇನಾ, ತಿಂಡಿ ರೆಡಿ ಇದೆಯಾ ಎಂದ. ಹೆಂಗಸರೆಲ್ಲ ಬುಟ್ಟಿ ಕೆಳಗಿಟ್ಟು ನಕ್ಕದ್ದೇ ನಕ್ಕದ್ದು. ಮಂಜಿನ ದಿನ ಹೀಗೆ ಒಬ್ಬರಾದರೂ ಬಂದೇ ಬರ್ತಾರೆ, ಇವತ್ತು ಮೂರು ಗಾಡಿ ಒಟ್ಟಿಗೆ ಎಂದರು ಮೇಸ್ತ್ರಿ. ನನಗೆ ನಗು ಬರಲಿಲ್ಲ.

ಆ ಗಲಾಟೆಗೆ ಇವರಿಗೆ ಎಚ್ಚರವಾಯಿತು. ಸುತ್ತ ನೋಡಿದರು, ಕಣ ನೋಡಿದರು, ನನ್ನನ್ನು ನೋಡಿದರು. ಒಂದು ಮಾತೂ ಕೇಳದೆ ಎಲ್ಲ ಅರ್ಥ ಮಾಡಿಕೊಂಡು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿನಿಂದ ಉಸಿರು ಸಿಕ್ಕಿಕೊಂಡಿತು. ಬೆನ್ನು ನೀವಿದೆ. ಉಸಿರು ಮರಳಲು ಬಹಳ ಹೊತ್ತು ಹಿಡಿಯಿತು.

ವಾಪಸು ಹೋಗುವುದು ಸುಲಭವಿರಲಿಲ್ಲ. ಬಂದ ದಾರಿ ಒಂದೇ ಗಾಡಿಯ ಅಗಲ. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಕಾಫಿ ಗಿಡ. ನಮ್ಮ ಹಿಂದೆ ವ್ಯಾನು, ವ್ಯಾನಿನ ಹಿಂದೆ ಆ ಕಾರು ಬಾಟಲಿಯ ಬಾಯಿಗೆ ಬಿರಡೆ ಹಾಕಿದಂತೆ ನಿಂತಿತ್ತು. ಆ ಹುಡುಗನಿಗೆ ಏರಿನಲ್ಲಿ ರಿವರ್ಸ್ ಹೋಗಲು ಬರುವುದಿಲ್ಲವಂತೆ. ಕಣದಲ್ಲಿ ತಿರುಗಿಸೋಣವೆಂದರೆ ತುಂಬ ಪಾರ್ಚ್‌ಮೆಂಟು. ಅದರ ಮೇಲೆ ಚಕ್ರ ಹತ್ತಿಸಲು ಯಾವ ಮೇಸ್ತ್ರಿ ಬಿಡುತ್ತಾರೆ? ಮಂಜು ಏಳಲಿ, ಬಿಸಿಲು ಬರಲಿ, ಟಾರ್ಪಾಲು ತೆಗೆದು ಸರಿಸಿ ದಾರಿ ಮಾಡಿಕೊಡ್ತೀವಿ ಎಂದರು ಅವರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಂಜಿನಲ್ಲಿ ಟಾರ್ಪಾಲು ಎತ್ತಿದರೆ ಒಣಗಿದ ಕಾಫಿಯೆಲ್ಲ ಮತ್ತೆ ತೇವ ಹಿಡಿಯುತ್ತದೆ. ನಾನು ಕಾರಿನೊಳಗೆ ಬಂದು ಕೂತೆ. ಬಿಸಿಲು ಬರುವಷ್ಟರಲ್ಲಿ ನಮ್ಮ ಮಂಚದ ಮೇಲೆ ಇನ್ನೊಬ್ಬರು ಮಲಗಿರುತ್ತಾರೆ.

ಇವರು ಎದುರಿನ ಗಾಜನ್ನೇ ನೋಡುತ್ತಾ ಹೇಳಿದರು.

"ಇಲ್ಲಿಂದ ಮನೆಗೆ ಹೋಗೋಣ ಮಾರಾಯ್ತಿ. ಇವತ್ತು ಬೇಡ. ಇನ್ನು ಯಾವತ್ತೂ ಬೇಡ."

ಇದು ಮೊದಲ ಸಲ ಹೇಳಿದ್ದಲ್ಲ. ಆದರೆ ಮುಂಚೆಲ್ಲ ಸೂಜಿಯ ನೋವಿನಲ್ಲಿಯೋ ಬಾಯಾರಿಕೆಯ ಸಿಟ್ಟಿನಲ್ಲಿಯೋ ಹೇಳುತ್ತಿದ್ದರು, ನಾನು ಬೈದು ಬಾಯಿ ಮುಚ್ಚಿಸುತ್ತಿದ್ದೆ. ಈ ಸಲ ಸಿಟ್ಟಿರಲಿಲ್ಲ. ನಾಳೆಯಿಂದ ಹಾಲು ಬೇಡ ಎಂದು ಹಾಲಿನವನಿಗೆ ಹೇಳುವ ದನಿ ಅದು. ನನಗೆ ಭಯವಾಯಿತು.

ಬೇಡ ಅಂದರೆ ಏನಾಗುತ್ತದೆ ಗೊತ್ತಾ ಎಂದು ಕೇಳಿದೆ. ಗೊತ್ತು ಎಂದರು. ಡಾಕ್ಟರು ಹೇಳಿದ್ದನ್ನು ನಾನೂ ಕೇಳಿದ್ದೇನೆ, ಅಷ್ಟು ಕಷ್ಟ ಏನಿಲ್ಲವಂತೆ, ಒಂದು ವಾರ ಹತ್ತು ದಿನ ಎಂದರು. ಬೇರೆ ಯಾರದೋ ವಿಷಯ ಹೇಳಿದ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು.

"ನಿಂಗೆ ಸಾಕಾಗ್ಲಿಲ್ವಾ?"

ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಗಳು, ಅಮ್ಮ ಹುಷಾರಾಗಿದ್ದೀಯಾ ಎಂದು ಕೇಳುತ್ತಾಳೆ. ನೆಂಟರು, ನಿನ್ನಂಥ ಹೆಂಡತಿ ಸಿಗುವುದು ಪುಣ್ಯ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ನರ್ಸು, ಟೀಚರ್ ನೀವು ಗಟ್ಟಿಗಿತ್ತಿ ಎನ್ನುತ್ತಾಳೆ. ಎಲ್ಲರಿಗೂ ನಕ್ಕು ತೋರಿಸಿದ್ದೇನೆ. ಅಂದು ಯಾಕೋ ನಗಲು ಆಗಲಿಲ್ಲ. ಬೆಳಗ್ಗೆಯಿಂದ ಗಾಜಿಗೆ ಕಣ್ಣು ನೆಟ್ಟು ನೆಟ್ಟು ಕಣ್ಣುಗುಡ್ಡೆ ಉರಿಯುತ್ತಿತ್ತು. ಬಾಯಿಗೆ ಬಂದದ್ದು ಬಂದ ಹಾಗೆ ಹೊರಬಿತ್ತು.

ಸಾಕಾಗಿದೆ ಎಂದೆ. ತುಂಬಾ ಸಾಕಾಗಿದೆ. ಈ ರಸ್ತೆ ಸಾಕಾಗಿದೆ, ಈ ಹಾಳು ಮಂಜು ಸಾಕಾಗಿದೆ, ಆಸ್ಪತ್ರೆಯ ಹೊರಗಿನ ಬೆಂಚು ಸಾಕಾಗಿದೆ, ನಿಮ್ಮ ನೀರು ಅಳೆದು ಅಳೆದು ನನಗೆ ನೀರು ಕುಡಿಯಲೂ ನಾಚಿಕೆಯಾಗುತ್ತದೆ, ಕದ್ದು ಅಡುಗೆಮನೆಯಲ್ಲಿ ಕುಡಿಯುತ್ತೇನೆ, ಅದೂ ಸಾಕಾಗಿದೆ. ರಾತ್ರಿ ನೀವು ಉಸಿರಾಡುತ್ತಿದ್ದೀರಾ ಎಂದು ಕಿವಿಗೊಟ್ಟು ಮಲಗುವುದು ಸಾಕಾಗಿದೆ. ಹೀಗೆ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅಳುವುದಕ್ಕೂ ಸಿಟ್ಟು ಬಂದು ಸ್ಟೇರಿಂಗ್ ಗುದ್ದಿದೆ. ಹಾರ್ನ್ ಹೊಡೆದುಕೊಂಡಿತು. ಕಣದ ಹೆಂಗಸರೆಲ್ಲ ತಿರುಗಿ ನೋಡಿದರು.

ಇವರು ತಲೆ ತಗ್ಗಿಸಿದರು. ಅದಕ್ಕೇ ಹೇಳಿದ್ದು ಎಂದು ಗೊಣಗಿದರು.

"ಸಾಕಾಗಿದೆ ಅಂದ್ರೆ ನೀವು ಬೇಡ ಅಂತಲ್ಲ," ಎಂದೆ. "ಅಷ್ಟೂ ಗೊತ್ತಾಗಲ್ವಾ ನಿಮ್ಗೆ?"

ಅವರು ಸೂಜಿ ಚುಚ್ಚಿ ಚುಚ್ಚಿ ಗಂಟುಗಂಟಾದ ಆ ಎಡಗೈಯನ್ನು ನೋಡುತ್ತಾ ಕೂತರು. ಅವರು ಇಷ್ಟು ದಿನ ಏನು ತಿಳಿದುಕೊಂಡಿದ್ದರೆಂದು ನನಗೆ ಆಗ ಗೊತ್ತಾಯಿತು. ನಾನು ಗದರಿದಾಗಲೆಲ್ಲ ಆ ಮನುಷ್ಯ, ಇವಳಿಗೆ ನಾನು ಹೊರೆಯಾದೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದಿರಬೇಕು. ಅವರು ಬೇಡ ಎಂದಾಗಲೆಲ್ಲ ನಾನು, ಇವರಿಗೆ ಬದುಕುವ ಆಸೆಯೇ ಇಲ್ಲ, ನಾನೊಬ್ಬಳೇ ಎಳೆಯುತ್ತಿದ್ದೇನೆ ಎಂದು ಸಂಕಟಪಡುತ್ತಿದ್ದೆ. ವಾರಕ್ಕೆ ಮೂರು ದಿನ ಒಂದೇ ಕಾರಿನಲ್ಲಿ ಅಕ್ಕಪಕ್ಕ ಕೂತು ಹೋಗುವವರು ನಾವು.

ಕೆಲಸದವರಲ್ಲಿ ಹಿರಿಯಳೊಬ್ಬಳು ಎರಡು ಲೋಟ ಕಪ್ಪು ಕಾಫಿ ತಂದು ಕಿಟಕಿಯೊಳಗೆ ಚಾಚಿದಳು. ನನ್ನ ಕೆನ್ನೆ ನೋಡಿಯೂ ಏನೂ ಕೇಳಲಿಲ್ಲ. ಬೆಲ್ಲದ ಕಾಫಿ, ಹಬೆಯಾಡುತ್ತಿತ್ತು. ಇವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ಇಟ್ಟುಕೊಂಡರು. ಎಲ್ಲ ಬಿಡುವ ಮನಸ್ಸು ಮಾಡಿದವರು ಪೂರ್ತಿ ಕುಡಿಯಬಹುದಿತ್ತು, ನಾನೂ ಅಂದು ತಡೆಯುತ್ತಿರಲಿಲ್ಲ. ಎರಡು ಗುಟುಕು ಕುಡಿದು, ಉಳಿದದ್ದನ್ನು ನನ್ನ ಲೋಟಕ್ಕೆ ಸುರಿದರು.

ಆಮೇಲೆ ಬಾಗಿಲು ತೆಗೆದು ಇಳಿದರು. ಎಲ್ಲಿಗೆ ಎಂದು ನಾನು ಕೇಳುವ ಮೊದಲೇ ಬಾನೆಟ್ಟು ಹಿಡಿದುಕೊಂಡು ಮೇಸ್ತ್ರಿಯ ಹತ್ತಿರ ಹೋದರು. ಏನು ಹೇಳಿದರೋ ದೂರದಿಂದ ಕೇಳಿಸಲಿಲ್ಲ. ಎಡಗೈ ತೋಳು ಸರಿಸಿ ತೋರಿಸಿದ್ದು ಕಂಡಿತು. ಮೇಸ್ತ್ರಿ ಒಂದು ಕ್ಷಣ ಆ ಕೈಯನ್ನು ನೋಡಿದರು, ಹೆಂಗಸರನ್ನು ಕೂಗಿದರು. ಅವರೆಲ್ಲ ಬಂದು ಅಂಚಿನ ಒಂದು ರಾಶಿಯನ್ನು ಟಾರ್ಪಾಲಿನ ಸಮೇತ ನಾಲ್ಕೂ ಕಡೆ ಹಿಡಿದು ಜಗ್ಗಿ ಒಳಕ್ಕೆ ಎಳೆದರು. ಕಣದ ಮೂಲೆಯಲ್ಲಿ ಒಂದು ಗಾಡಿ ತಿರುಗುವಷ್ಟು ಜಾಗ ಆಯಿತು.

ಇವರು ಆ ಮೂಲೆಯಲ್ಲಿ ನಿಂತರು. ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದರು. ಮೊದಲು ನನ್ನನ್ನು ಒಳಕ್ಕೆ ಕರೆದು ತಿರುಗಿಸಿ ನಿಲ್ಲಿಸಿದರು. ಆಮೇಲೆ ವ್ಯಾನು. ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡು, ಇನ್ನೂ ಸ್ವಲ್ಪ, ಹೋಲ್ಡ್. ಆ ದನಿ ನಾನು ಕೇಳಿ ಬಹಳ ಕಾಲವಾಗಿತ್ತು. ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಕಪ್ಪು ಕನ್ನಡಕದ ಹುಡುಗನಿಗೆ, ಕನ್ನಡಕ ತೆಗಿ ಮಾರಾಯ, ಇಲ್ಲಿ ಎಂತ ಬಿಸಿಲು ಎಂದರು. ಅವನು ತೆಗೆದು ಜೇಬಿಗಿಟ್ಟ. ಅವನ ಕಾರಿನ ಚಕ್ರ ಸಿಮೆಂಟಿನ ಅಂಚು ಬಿಟ್ಟು ಇಳಿಯುವುದರಲ್ಲಿದ್ದಾಗ ಅಂಗೈಯಿಂದ ಡಿಕ್ಕಿಯ ಮೇಲೆ ರಪ್ಪನೆ ಬಡಿದು ನಿಲ್ಲಿಸಿದರು. ಎಲ್ಲ ಗಾಡಿಗಳೂ ಬಂದ ದಾರಿಗೆ ಮುಖ ಮಾಡಿದವು. ಜೀಪಿನ ಡ್ರೈವರು ತಾನೇ ಮುಂದೆ ಹೋಗಿ ರಸ್ತೆಯವರೆಗೆ ಬಿಟ್ಟುಬರುತ್ತೇನೆ ಎಂದು ಸ್ಟಾರ್ಟ್ ಮಾಡಿದ.

ಇವರು ಬಂದು ಸೀಟಿನಲ್ಲಿ ಕುಸಿದರು. ತುಟಿ ನೀಲಿಯಾಗಿತ್ತು, ಎದೆ ಒಂದೇ ಸಮನೆ ಏರಿಳಿಯುತ್ತಿತ್ತು. ನಾನು ಬೈಯಲು ಬಾಯಿ ತೆರೆದೆ, ಬೈಯಲಿಲ್ಲ. ಕೈಯಿಂದಲೇ ಹೋಗು ಎಂದು ಸನ್ನೆ ಮಾಡಿದರು. ಮರಗಳ ಕೆಳಗಿನಿಂದ ಹಾದು ಎಸ್ಟೇಟಿನ ಗೇಟಿಗೆ ಬಂದೆವು. ಬಲಕ್ಕೆ ಹೋದರೆ ಮನೆ, ಎಡಕ್ಕೆ ಹೋದರೆ ಕೊಟ್ಟಿಗೆಹಾರ. ನಾನು ನಿಲ್ಲಿಸಿದೆ. ಯಾವ ಕಡೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಬಲಕ್ಕೆ ಎಂದಿದ್ದರೆ ಬಲಕ್ಕೇ ಹೋಗುತ್ತಿದ್ದೆನೋ ಏನೋ, ಅಷ್ಟು ದಣಿದಿದ್ದೆ.

ಅವರು ಅಂಗಿಯ ಜೇಬಿನಿಂದ ಫೋನು ತೆಗೆದರು. ಸಿಗ್ನಲ್ ಇದೆಯೇ ಎಂದು ಗಾಜಿನ ಹತ್ತಿರ ಹಿಡಿದು ನೋಡಿದರು. ಆಸ್ಪತ್ರೆಗೆ ಯಾವಾಗಲೂ ಫೋನ್ ಮಾಡುತ್ತಿದ್ದವಳು ನಾನು. ಅವರಿಗೆ ಆ ನಂಬರು ಗೊತ್ತಿದೆ ಎನ್ನುವುದೇ ನನಗೆ ತಿಳಿದಿರಲಿಲ್ಲ. ಆ ಕಡೆ ಯಾರೋ ಎತ್ತಿಕೊಂಡರು. ಇವರು ಉಸಿರು ಕೂಡಿಸಿಕೊಂಡು, ತಮ್ಮ ಹೆಸರು, ಊರು ಹೇಳಿದರು.

"ಮಂಜಿನಲ್ಲಿ ದಾರಿ ತಪ್ತು ಸಿಸ್ಟರ್. ನಾನು ಬರ್ತಾ ಇದ್ದೀನಿ. ನನ್ನ ಮಂಚ ಯಾರಿಗೂ ಕೊಡಬೇಡಿ."

ಆ ಕಡೆಯ ಮಾತು ಕೇಳುತ್ತಾ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು. ನಾನು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದೆ. ಫೋನು ಕೆಳಗಿಟ್ಟು ಹೇಳಿದರು.

"ಇಟ್ಟಿರ್ತಾರಂತೆ. ನೀನು ನಿಧಾನ ಹೋಗು."